ರಟ್ಟೆ ಬೇಕೋ, ರಟ್ಟೆಯ ಬಲ ಬೇಕೋ?

ಮಾಣಿ, ಕಳೆದ ಭಾನುವಾರ ಊಟಕ್ಕೆ ಬಂದಾಗ ನೀನೊಂದು ಪ್ರಶ್ನೆ ಕೇಳಿದೆ. “ಅಜ್ಜ, ನಾನು ಬಲಕ್ಕೆ ಜಿಮ್ ಮಾಡ್ಲಾ, ಸೈಜಿಗೆ ಮಾಡ್ಲಾ? ಟ್ರೇನರ್ ಒಂದು ಹೇಳ್ತಾನೆ, ರೂಮ್‌ಮೇಟ್ ಇನ್ನೊಂದು ಹೇಳ್ತಾನೆ.” ಅಷ್ಟರಲ್ಲಿ ನಿನ್ನಜ್ಜಿ ಪಾಯಸದ ಪಾತ್ರೆ ಹಿಡಿದು ಬಂದಳು, ಮಾತು ಅಲ್ಲಿಗೇ ನಿಂತಿತು. ನೀನು ವೇಳಚೇರಿಗೆ ಬಸ್ಸು ಹತ್ತಿ ಹೋದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಿನ್ನ ಪ್ರಾಯದಲ್ಲಿ ಇದೇ ಊರಿನಲ್ಲಿ ನಾನೂ ಇದರಲ್ಲಿ ಎಡವಿದವನು. ಅದೂ ಎರಡು ಸಲ, ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ.

ನಾನು ಮದ್ರಾಸಿಗೆ ಬಂದದ್ದು 1970ರಲ್ಲಿ, ಹದಿನೈದನೆಯ ವಯಸ್ಸಿಗೆ. ಟ್ರಿಪ್ಲಿಕೇನಿನ ಒಂದು ಸಣ್ಣ ಉಡುಪಿ ಹೋಟೆಲು. ಮೊದಲು ಕ್ಲೀನರ್, ಆಮೇಲೆ ಕಡೆಯುವ ಕಲ್ಲಿನ ಮುಂದೆ. ಕರೆಂಟಿನ ಗ್ರೈಂಡರ್ ನಮ್ಮ ಅಡುಗೆಮನೆಗೆ ಇನ್ನೂ ಕಾಲಿಟ್ಟಿರಲಿಲ್ಲ. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಅಕ್ಕಿ, ಉದ್ದು ಕಡೆಯಲು ಕೂತರೆ ಸಂಜೆ ಆಗುತ್ತಿತ್ತು. ಅಲ್ಲಿ ಅಡುಗೆ ಭಟ್ಟರೊಬ್ಬರಿದ್ದರು. ಬಡಕಲು ಮೈ, ಬನಿಯನ್ನಿನ ಒಳಗಿನ ಎಲುಬು ಎಣಿಸಬಹುದಿತ್ತು. ಸಾಂಬಾರಿನ ಕೊಪ್ಪರಿಗೆ ಇಳಿಸಲು ನಾವು ಹುಡುಗರು ಇಬ್ಬರು ಬೇಕು, ಅವರು ಒಬ್ಬರೇ ಎರಡು ಬಟ್ಟೆತುಂಡು ಹಿಡಿದು, ಮಂಡಿ ಬಗ್ಗಿಸಿ, ಉಸಿರು ಕಟ್ಟಿ, ಒಂದು ಹನಿ ತುಳುಕದ ಹಾಗೆ ಕೆಳಗಿಡುತ್ತಿದ್ದರು. ಈಗಲೂ ನಿನಗೆ ಇಂಥವರನ್ನು ನೋಡಬೇಕಿದ್ದರೆ ಬೆಳಗಿನ ಜಾವ ಕೋಯಂಬೇಡು ಮಾರ್ಕೆಟ್ಟಿಗೆ ಹೋಗು. ಈರುಳ್ಳಿ ಮೂಟೆಯನ್ನು ಲಾರಿಯಿಂದ ಬೆನ್ನಿಗೆ ಹಾಕಿಕೊಂಡು ಓಡುವ ಲೋಡ್‌ಮನ್‌ಗಳಲ್ಲಿ ಎಷ್ಟು ಜನರಿಗೆ ನಿಮ್ಮ ಜಿಮ್ಮಿನ ಪೋಸ್ಟರಿನ ರಟ್ಟೆ ಇದೆ, ಲೆಕ್ಕ ಹಾಕು.

ಹಾಗಾದರೆ ಆ ಕಸುವು ಎಲ್ಲಿಂದ ಬಂತು? ಹೋಟೆಲಿನವನಾದ್ದರಿಂದ ಹೋಟೆಲಿನ ಭಾಷೆಯಲ್ಲೇ ಹೇಳುತ್ತೇನೆ. ಹತ್ತು ಜನ ಕೆಲಸದವರಿರುವ ಹೋಟೆಲು ಅಂದುಕೋ. ಮಧ್ಯಾಹ್ನ ಮೂರು ಗಂಟೆಗೆ ಎರಡು ಕಾಫಿ ಕೊಡಲು ಇಬ್ಬರು ಸಾಕು, ಉಳಿದವರು ಹಿತ್ತಿಲಲ್ಲಿ ಕಾಲು ಚಾಚಿರುತ್ತಾರೆ. ಒಂದು ಗಂಟೆಯ ಊಟದ ರಶ್ಶಿಗೆ ಮಾತ್ರ ಎಲ್ಲರೂ ಎದ್ದು ಬರಬೇಕು. ಸ್ನಾಯುವಿನ ಎಳೆಗಳೂ ಹೀಗೇ. ಒಂದೊಂದು ನರದ ಕೈಕೆಳಗೆ ಒಂದೊಂದು ಗುಂಪು ಎಳೆಗಳಿವೆ. ಹಗುರದ ಕೆಲಸಕ್ಕೆ ಸಣ್ಣ ಗುಂಪುಗಳು ಏಳುತ್ತವೆ, ಭಾರ ಹೆಚ್ಚಿದಂತೆ ದೊಡ್ಡ ಗುಂಪುಗಳು ಒಂದೊಂದಾಗಿ ಏಳುತ್ತವೆ. ಎಲ್ವುಡ್ ಹೆನ್ನೆಮನ್ ಎಂಬ ಅಮೆರಿಕದ ವಿಜ್ಞಾನಿ ಐವತ್ತು-ಅರವತ್ತರ ದಶಕದಲ್ಲೇ ಈ ಕ್ರಮವನ್ನು ಕಂಡುಹಿಡಿದರು. ಕಸರತ್ತು ಮಾಡದವನ ಮೈಯಲ್ಲಿ ಆ ಕೊನೆಯ ಗುಂಪುಗಳನ್ನು ಎಬ್ಬಿಸುವ ಅಭ್ಯಾಸವೇ ಇರುವುದಿಲ್ಲ. ನಮ್ಮ ಭಟ್ಟರ ಮೈಯಲ್ಲಿ ಇದ್ದದ್ದು ಹತ್ತೇ ಜನ, ಆದರೆ ಒಂದು ಕೂಗಿಗೆ ಹತ್ತೂ ಜನ ಒಟ್ಟಿಗೆ ಕೈ ಹಾಕುತ್ತಿದ್ದರು. ಬಲಕ್ಕಾಗಿ ತಾಲೀಮು ಅಂದರೆ ಇದೇ, ಇದ್ದವರನ್ನೆಲ್ಲ ಒಮ್ಮೆಗೇ ಕೆಲಸಕ್ಕೆ ಹಚ್ಚುವುದು, ಒಬ್ಬರ ಕಾಲಿಗೆ ಒಬ್ಬರು ಅಡ್ಡ ಬಾರದ ಹಾಗೆ ಕಲಿಸುವುದು. ಗಾತ್ರಕ್ಕಾಗಿ ತಾಲೀಮು ಅಂದರೆ ಒಬ್ಬೊಬ್ಬ ಕೆಲಸಗಾರನನ್ನೂ ತಿನ್ನಿಸಿ ಕೊಬ್ಬಿಸುವುದು. ಎಳೆಗಳ ಸಂಖ್ಯೆ ಹೆಚ್ಚುವುದಕ್ಕಿಂತ ಇದ್ದ ಎಳೆಗಳೇ ದಪ್ಪಗಾಗುವುದು ಹೆಚ್ಚು.

ನೀನು ಜಿಮ್ಮಿಗೆ ಸೇರಿ ಎರಡು ತಿಂಗಳಾಯಿತು. “ತೂಕ ಎತ್ತುವುದು ಜಾಸ್ತಿಯಾಗಿದೆ, ಆದರೆ ಶರ್ಟು ಬಿಗಿಯಾಗಿಲ್ಲ” ಅಂತ ಮುಖ ಸಣ್ಣ ಮಾಡಿದೆಯಲ್ಲ, ಅದರ ಕಾರಣವೂ ಇದೇ. ಮೊದಲ ಕೆಲವು ವಾರ ಹೆಚ್ಚುವ ಬಲದಲ್ಲಿ ದೊಡ್ಡ ಪಾಲು ನರಗಳದ್ದು. ಮಾಂಸ ಆಮೇಲೆ ನಿಧಾನಕ್ಕೆ ಬಂದು ಸೇರಿಕೊಳ್ಳುತ್ತದೆ. ಇನ್ನೊಂದು ಚೋದ್ಯ ಕೇಳು. 1894ರಲ್ಲೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಒಂದು ಕೈಗೆ ಮಾತ್ರ ಅಭ್ಯಾಸ ಮಾಡಿಸಿ ನೋಡಿದರು, ಸುಮ್ಮನಿದ್ದ ಇನ್ನೊಂದು ಕೈಯ ಬಲವೂ ಏರಿತ್ತು. ಆ ಕೈ ಏನೂ ಎತ್ತಿರಲಿಲ್ಲ. ಕಲಿತದ್ದು ತಲೆ ಮತ್ತು ಬೆನ್ನುಹುರಿ. ಹಾಗಾಗಿ ನಿನ್ನ ಎರಡು ತಿಂಗಳು ದಂಡವಾಯಿತು ಅಂದುಕೊಳ್ಳಬೇಡ.

ದೂರದ ಉದಾಹರಣೆ ಯಾಕೆ, ನಮ್ಮ ಕುಂದಾಪುರ ಸೀಮೆಯ ವಂಡ್ಸೆಯ ಗುರುರಾಜ ಪೂಜಾರಿಯನ್ನೇ ನೋಡು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಮೊದಲ ಪದಕ ತಂದವನು. ಆಗ ಅವನು ಇದ್ದದ್ದು 56 ಕಿಲೋ ವಿಭಾಗದಲ್ಲಿ, ಅಂದರೆ ನಿನಗಿಂತ ಹಗುರ. ಸ್ನ್ಯಾಚಿನಲ್ಲಿ 111, ಕ್ಲೀನ್ ಅಂಡ್ ಜರ್ಕಿನಲ್ಲಿ 138, ಒಟ್ಟು 249 ಕಿಲೋ ಎತ್ತಿ ಬೆಳ್ಳಿ. 138 ಅಂದರೆ ತನ್ನ ಮೈತೂಕದ ಸುಮಾರು ಎರಡೂವರೆ ಪಟ್ಟು, ಅದೂ ತಲೆಯ ಮೇಲಕ್ಕೆ! 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 61 ಕಿಲೋ ವಿಭಾಗಕ್ಕೆ ಬಂದು 269 ಕಿಲೋ ಎತ್ತಿ ಕಂಚು ತಂದ. ಲಾರಿ ಡ್ರೈವರರ ಮಗ, ಉಜಿರೆಯ ಕಾಲೇಜಿಗೆ ಕುಸ್ತಿಯ ಆಸೆ ಹೊತ್ತು ಹೋದವನು ಭಾರ ಎತ್ತುವ ಕಡೆಗೆ ತಿರುಗಿದ. ತೂಕದ ವಿಭಾಗ ಇರುವ ಆಟದಲ್ಲಿ ಸುಮ್ಮನೆ ಮೈ ಬೆಳೆಸಿದರೆ ತನಗಿಂತ ದೊಡ್ಡವರ ಜೊತೆ ಸೆಣಸಬೇಕಾಗುತ್ತದೆ. ಅದಕ್ಕೇ ಅಲ್ಲಿ ಪ್ರತಿಯೊಂದು ಕಿಲೋ ಮಾಂಸವೂ ತನ್ನ ಬಾಡಿಗೆ ತಾನೇ ಕಟ್ಟಬೇಕು. ಇಲ್ಲಿಯವರೇ ಬೇಕು ಅಂದರೆ ವೆಲ್ಲೂರಿನ ಸತೀಶ್ ಶಿವಲಿಂಗಂ ಇದ್ದಾರೆ. 77 ಕಿಲೋ ವಿಭಾಗದಲ್ಲಿ 2014ರ ಗ್ಲಾಸ್ಗೊದಲ್ಲಿ 328 ಕಿಲೋ ಎತ್ತಿ ಚಿನ್ನ, 2018ರಲ್ಲಿ ಮತ್ತೆ ಚಿನ್ನ.

ಇಷ್ಟು ಹೇಳಿದೆ ಅಂತ ಅಜ್ಜ ಗಾತ್ರದ ವಿರೋಧಿ ಅಂದುಕೊಳ್ಳಬೇಡ. ಕನ್ನಡಿ ನೋಡಿಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನಮ್ಮ ಬೆಂಗಳೂರಿನ ಪ್ರೊ. ಕೆ. ವಿ. ಅಯ್ಯರ್ ಕಳೆದ ಶತಮಾನದ ಮೊದಲರ್ಧದಲ್ಲೇ ಹರ್ಕ್ಯುಲಿಸ್ ವ್ಯಾಯಾಮಶಾಲೆ ಕಟ್ಟಿ, ತಮ್ಮ ಮೈಯನ್ನೇ ಶಿಲ್ಪದ ಹಾಗೆ ಕೆತ್ತಿ, ಅದರ ಫೋಟೊಗಳ ಸಮೇತ ಇಂಗ್ಲಿಷಿನಲ್ಲಿ ಪುಸ್ತಕ ಬರೆದವರು. ಅದೇ ಮನುಷ್ಯ ಕನ್ನಡದಲ್ಲಿ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನೂ ಬರೆದರು, ಕೈಲಾಸಂಗೆ ಆಪ್ತರಾಗಿದ್ದರು. ಅಂಗಸೌಷ್ಠವ ಅನ್ನುವುದು ಅವರ ಮಟ್ಟಿಗೆ ಒಂದು ಕಲೆ. ಕಾದಂಬರಿ ಓದುವವನಿಗೆ ರಟ್ಟೆ ಇರಬಾರದು ಅಂತ ಯಾವ ಶಾಸ್ತ್ರವೂ ಹೇಳಿಲ್ಲ. ಈ ಊರಿನಲ್ಲಂತೂ 2014ರಲ್ಲಿ ಶಂಕರ್ ಅವರ ‘ಐ’ ಚಿತ್ರದ ಹಾಡುಗಳ ಬಿಡುಗಡೆಗೆ ಆರ್ನಾಲ್ಡ್ ಶ್ವಾರ್ಜನೆಗರ್ ಬಂದದ್ದೇ ತಡ, ಗಲ್ಲಿಗಲ್ಲಿಯ ಹುಡುಗರೆಲ್ಲ ಡಂಬೆಲ್ ಹಿಡಿದರು. ಆ ಚಿತ್ರದಲ್ಲಿ ವಿಕ್ರಂ ಉತ್ತರ ಚೆನ್ನೈಯ ಬಾಡಿ ಬಿಲ್ಡರ್. ಆ ಹುಡುಗರಿಗೆ ಯಾರೂ ಹೇಳದ ವಿಷಯ ಒಂದಿದೆ. ಆರ್ನಾಲ್ಡ್ ಎಳೆಯ ವಯಸ್ಸಿನಲ್ಲಿ ಪವರ್‌ಲಿಫ್ಟಿಂಗ್ ಸ್ಪರ್ಧೆಗಳಿಗೂ ಇಳಿದವರು. ಭಾರ ಎತ್ತುವ ಅಡಿಪಾಯ ಮೊದಲು, ಕುಸುರಿ ಆಮೇಲೆ.

ಇನ್ನು ನನ್ನ ಎಡವಟ್ಟುಗಳು. ಇಪ್ಪತ್ತನಾಲ್ಕಕ್ಕೆ, ಅಂದರೆ ನಿನ್ನ ಪ್ರಾಯಕ್ಕೆ, ಕೈಯಲ್ಲಿ ಸ್ವಲ್ಪ ಕಾಸು ಓಡಾಡತೊಡಗಿದಾಗ ಒಂದು ಜಿಮ್ಮಿಗೆ ಸೇರಿದೆ. ತಗಡಿನ ಮಾಡು, ಗೋಡೆ ತುಂಬ ಆಂಜನೇಯನ ಪಟ ಮತ್ತು ಆರ್ನಾಲ್ಡ್ ಪಟ, ಇಬ್ಬರಿಗೂ ಒಂದೇ ಊದುಬತ್ತಿ. ಮಾಸ್ಟರು ಕೈಗೆ ಡಂಬೆಲ್ ಕೊಟ್ಟರು, ಕಾಲಿನ ಮಾತೇ ಎತ್ತಲಿಲ್ಲ. ನಾನೂ ಕೇಳಲಿಲ್ಲ, ಪಂಚೆ ಉಡುವವನ ಕಾಲು ಯಾರು ನೋಡುತ್ತಾರೆ? ಎರಡು ವರ್ಷದಲ್ಲಿ ಎದೆ, ತೋಳು ಬಂತು. ಬನಿಯನ್ನಿನಲ್ಲಿ ಕ್ಯಾಷ್ ಕೌಂಟರಿನ ತನಕ ಸುಮ್ಮಸುಮ್ಮನೆ ಹೋಗಿ ಬರುತ್ತಿದ್ದೆ. ಒಂದು ದಿನ ಅಕ್ಕಿ ಮೂಟೆ ಬಂತು. ಎಲ್ಲರೂ ನೋಡಲಿ ಅಂತ ಬಗ್ಗಿ, ಕೈಯ ಜೋರಿನಲ್ಲೇ ಎಳೆದೆ. ಸೊಂಟ ಹಿಡಿದುಕೊಂಡಿತು ನೋಡು, ಹದಿನೈದು ದಿನ ಚಾಪೆ. ಆ ಬಡಕಲು ಭಟ್ಟರೇ ಬಂದು ಎಣ್ಣೆ ತಿಕ್ಕಿದರು. ಏನೂ ಬೈಯಲಿಲ್ಲ. ಅದಕ್ಕಿಂತ ಬೈಗುಳವೇ ಆಗಬಹುದಿತ್ತು.

ಆ ಅವಮಾನಕ್ಕೆ ಇನ್ನೊಂದು ತುದಿಗೆ ಓಡಿದೆ. ಇನ್ನು ಬರೀ ಬಲ, ಬರೀ ಅಂಕಿ. ವಾರಕ್ಕೊಮ್ಮೆ ಬೆಂಚ್ ಪ್ರೆಸ್ಸಿನಲ್ಲಿ ಎಷ್ಟು ಎತ್ತುತ್ತೇನೆ ಅಂತ ಪರೀಕ್ಷೆ. ಒಂದು ಸಲ ಟೀಯ ಬಾಜಿಗೆ ಮೈ ಬಿಸಿ ಮಾಡಿಕೊಳ್ಳದೆ ಎತ್ತಲು ಹೋಗಿ ಬಲಗಡೆಯ ಹೆಗಲು ಕೆಟ್ಟಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇವತ್ತಿಗೂ ಮೇಲಿನ ಕಪಾಟಿನಿಂದ ಡಬ್ಬ ತೆಗೆಯುವಾಗ ಆ ಟೀಯ ರುಚಿ ನೆನಪಾಗುತ್ತದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಮೊದಲ ಒಂದು ವರ್ಷ ನೀನು ಬಲಕ್ಕೇ ಮಾಡು. ಹೊಸಬನಿಗೆ ಬಲ ಬರುವಾಗ ಗಾತ್ರ ಕರೆಯದೆ ಬರುತ್ತದೆ, ಎರಡೂ ಬೇರೆ ಬೇರೆ ದಾರಿ ಹಿಡಿಯುವುದು ಬಹಳ ಮುಂದಕ್ಕೆ ಹೋದ ಮೇಲೆ. ವಾರಕ್ಕೆ ಮೂರು ದಿನ ಸಾಕು. ಸ್ಕ್ವಾಟ್, ಡೆಡ್‌ಲಿಫ್ಟ್, ಬೆಂಚ್ ಪ್ರೆಸ್, ನಿಂತು ತಲೆಯ ಮೇಲಕ್ಕೆ ಒತ್ತುವುದು, ಬಾರ್ಬೆಲ್ಲನ್ನು ಹೊಟ್ಟೆಯ ಕಡೆಗೆ ಎಳೆಯುವುದು. ಊರಿನ ಗರಡಿಯ ಬಸ್ಕಿ, ದಂಡ ಗೊತ್ತಿದ್ದವನಿಗೆ ಇವು ಹೊಸತೇನಲ್ಲ, ಹೆಗಲ ಮೇಲೆ ಕಬ್ಬಿಣ ಬಂತು, ಅಷ್ಟೆ. ಒಂದೊಂದರಲ್ಲಿ ಮೂರರಿಂದ ಐದು ಸೆಟ್, ಸೆಟ್ಟಿಗೆ ಐದು ಸಲ. ಕೊನೆಗೆ ಇನ್ನೂ ಒಂದೆರಡು ಸಲ ಎತ್ತಬಲ್ಲೆ ಅನ್ನಿಸುವಾಗಲೇ ನಿಲ್ಲಿಸು. ಸೊಂಟ ಬಾಗದೆ ಎಲ್ಲವೂ ಚೆನ್ನಾಗಿ ಆದರೆ ಮುಂದಿನ ಸಲ ಎರಡೂವರೆ ಕಿಲೋ ಸೇರಿಸು, ಆಗದಿದ್ದರೆ ಅದೇ ತೂಕ. 1945ರಲ್ಲಿ ಥಾಮಸ್ ಡಿಲಾರ್ಮ್ ಎಂಬ ಅಮೆರಿಕದ ಸೇನಾ ವೈದ್ಯರು ಗಾಯಗೊಂಡ ಸೈನಿಕರ ಸೋತ ಕಾಲುಗಳಿಗೆ ಕಸುವು ತುಂಬಿದ್ದು ಇದೇ ಉಪಾಯದಿಂದ, ಭಾರವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ.

ಸೆಟ್ಟುಗಳ ನಡುವೆ ಮೂರು ನಿಮಿಷ ಕೂರು. ಇದೇ ನಿಮಗೆ ಕಷ್ಟದ ಕೆಲಸ. ಸಂಜೆ ಏಳಕ್ಕೆ ನಿನ್ನ ಜಿಮ್ಮಿನಲ್ಲಿ ಸ್ಕ್ವಾಟ್ ಮಾಡುವ ಜಾಗ ಒಂದೇ, ಹಿಂದೆ ನಿಂತವನು “ಅಣ್ಣಾ, ಇನ್ನುಂ ಎತ್ತನೆ ಸೆಟ್ಟು?” ಅಂತ ಎರಡು ಸಲ ಕೇಳಿದರೆ ನಿನಗೆ ಸಂಕೋಚ. ಅವನನ್ನೂ ಸೇರಿಸಿಕೋ, ಸರದಿಯ ಮೇಲೆ ಮಾಡಿ, ಅವನು ಎತ್ತುವ ಹೊತ್ತು ನಿನ್ನ ವಿಶ್ರಾಂತಿ. ನಿನ್ನ ತಮಿಳೂ ಸುಧಾರಿಸೀತು. ಬೆವರು ಹರಿಯಿತು, ಏದುಸಿರು ಬಂತು ಅಂತ ಕೆಲಸ ಆಯಿತು ಅಂದುಕೊಳ್ಳಬೇಡ, ಚೆನ್ನೈಯ ಕತ್ತಿರಿ ಬಿಸಿಲಿನ ತಿಂಗಳಲ್ಲಿ ಸುಮ್ಮನೆ ಕೂತರೂ ಬೆವರುತ್ತದೆ. ಬಲದ ಅಭ್ಯಾಸ ಸಂಗೀತದ ಅಭ್ಯಾಸದ ಹಾಗೆ, ದಣಿದು ಹಾಡಿದರೆ ಅಪಸ್ವರವೇ ರೂಢಿಯಾಗುತ್ತದೆ.

ವರ್ಷ ಕಳೆದ ಮೇಲೂ ನಿನಗೆ ತೋಳು, ಹೆಗಲು ತುಂಬಿಕೊಳ್ಳಬೇಕು ಅನ್ನಿಸಿದರೆ ಆಗ ಗಾತ್ರದ ಕಡೆ ತಿರುಗು. ಅದರ ಲೆಕ್ಕ ಬೇರೆ. ಅಲ್ಲಿ ಎಂಟರಿಂದ ಹನ್ನೆರಡು ಸಲವೇ ಆಗಬೇಕು ಅಂತ ನಮ್ಮ ಕಾಲದಲ್ಲಿ ವೇದವಾಕ್ಯದ ಹಾಗೆ ಹೇಳುತ್ತಿದ್ದರು. ಈಗಿನ ಅಧ್ಯಯನಗಳ ಪ್ರಕಾರ ಸೆಟ್ಟಿಗೆ ಐದು ಸಲವೋ ಮೂವತ್ತು ಸಲವೋ, ಕೈ ಸೋಲುವ ಹತ್ತಿರದವರೆಗೆ ಹೋದರೆ ಮಾಂಸ ಹೆಚ್ಚುಕಡಿಮೆ ಒಂದೇ ತೆರನಾಗಿ ಬೆಳೆಯುತ್ತದೆ. ಆದರೆ ಹಗುರದ ಭಾರದಿಂದ ಗಾತ್ರ ಬಂದಷ್ಟು ಬಲ ಬರುವುದಿಲ್ಲ. ಭಾರ ಎತ್ತುವುದನ್ನು ಭಾರ ಎತ್ತಿಯೇ ಕಲಿಯಬೇಕು. ಗಾತ್ರಕ್ಕೆ ಮುಖ್ಯವಾದದ್ದು ವಾರದ ಒಟ್ಟು ಕೆಲಸ, ಒಂದೊಂದು ಸ್ನಾಯುವಿಗೆ ವಾರಕ್ಕೆ ಸುಮಾರು ಹತ್ತು ಸೆಟ್ಟಿನಿಂದ ಶುರು. ಅಷ್ಟನ್ನೂ ಸೋಮವಾರವೇ ಎದೆಯ ಮೇಲೆ ಸುರಿಯಬೇಡ. ಸೋಮವಾರ ಸಂಜೆ ಯಾವ ಜಿಮ್ಮಿಗಾದರೂ ಹೋಗಿ ನೋಡು, ಬೆಂಚ್ ಪ್ರೆಸ್ಸಿನ ಮುಂದೆ ರೇಷನ್ ಅಂಗಡಿಯ ಸಾಲು, ಸ್ಕ್ವಾಟ್ ಜಾಗದಲ್ಲಿ ಯಾರೋ ಟವೆಲ್ ಒಣಗಿಸಿರುತ್ತಾರೆ.

ಊಟದ ವಿಷಯದಲ್ಲಿ ಮಾತ್ರ ನಾನು ನಿನ್ನನ್ನು ಬೈಯುವವನೇ. ನಿನ್ನ ತೂಕ 62 ಕಿಲೋ. ಸಾಮಾನ್ಯ ಮನುಷ್ಯನಿಗೆ ದಿನಕ್ಕೆ ಕಿಲೋಗೆ 0.83 ಗ್ರಾಂ ಪ್ರೋಟೀನ್ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಭಾರ ಎತ್ತಿ ಮಾಂಸ ಬೆಳೆಸಬೇಕು ಅನ್ನುವವನಿಗೆ ಅದರ ಎರಡು ಪಟ್ಟಿನ ಹತ್ತಿರ, ಕಿಲೋಗೆ 1.6 ಗ್ರಾಂ. ಅಂದರೆ ನಿನಗೆ ದಿನಕ್ಕೆ ಸುಮಾರು ನೂರು ಗ್ರಾಂ. ನಿನ್ನ ಪೀಜಿಯ ಬೆಳಗಿನ ನಾಲ್ಕು ಇಡ್ಲಿಯಲ್ಲಿ ಹತ್ತು ಗ್ರಾಂ ಸಿಕ್ಕರೆ ಹೆಚ್ಚು. ಇಡ್ಲಿ ಮಾರಿಯೇ ಬದುಕಿದವನು ಹೇಳುತ್ತಿದ್ದೇನೆ, ನಂಬು. ಅರ್ಧ ಲೀಟರ್ ಹಾಲಿಗೆ ಹದಿನಾರು, ಒಂದು ಮೊಟ್ಟೆಗೆ ಆರು, ಒಂದು ಮುಷ್ಟಿ ಶೇಂಗಾಕ್ಕೆ ಏಳೆಂಟು, ಐವತ್ತು ಗ್ರಾಂ ಸೋಯಾ ಚಂಕ್ಸಿಗೆ ಇಪ್ಪತ್ತೈದರ ಮೇಲೆ. ಹುರುಳಿ, ಕಡಲೆ, ಹೆಸರು ಯಾವುದಾದರೂ ಇರಲಿ. ಮರೀನಾದಲ್ಲಿ ‘ಮಾಂಗಾ ತೇಂಗಾ ಪಟ್ಟಾಣಿ ಸುಂಡಲ್’ ಅಂತ ಕೂಗಿಕೊಂಡು ಬರುತ್ತಾನಲ್ಲ, ಅವನ ಹತ್ತಿರ ಎರಡು ಪೊಟ್ಟಣ ತೆಗೆದುಕೋ, ಪಕ್ಕದ ಮೆಣಸಿನಕಾಯಿ ಬಜ್ಜಿ ಅಂಗಡಿ ಕಡೆ ತಿರುಗಬೇಡ. ಈ ಲೆಕ್ಕ ಕೂಡಿ ಬಂದ ಮೇಲೂ ಕೊರತೆ ಬಿದ್ದರೆ ಪುಡಿ ಡಬ್ಬ ತಾ. ಊಟ ಬಿಟ್ಟು ಮೂರು ಸಾವಿರದ ಡಬ್ಬ ತಂದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ನಿದ್ದೆಯೂ ಊಟದಷ್ಟೇ ಮುಖ್ಯ, ರಾತ್ರಿ ಎರಡಕ್ಕೆ ಅಮೆರಿಕದವರ ಜೊತೆ ಮೀಟಿಂಗ್ ಮುಗಿಸಿ ಬೆಳಿಗ್ಗೆ ಆರಕ್ಕೆ ಡೆಡ್‌ಲಿಫ್ಟ್ ಮಾಡಲು ಹೋಗಬೇಡ.

ಇನ್ನೊಂದು. ಯಾರಾದರೂ “ಮೂರು ತಿಂಗಳಲ್ಲಿ ಬಾಡಿ ಬರುತ್ತೆ” ಅಂತ ಇಂಜೆಕ್ಷನ್ನಿನ ಮಾತೆತ್ತಿದರೆ ಆ ಜಿಮ್ಮನ್ನೇ ಬಿಡು, ಕಟ್ಟಿದ ಫೀ ಹೋದರೆ ಹೋಗಲಿ. ಸ್ಟೆರಾಯ್ಡ್ ಹೊರಗಿನಿಂದ ಬಂದರೆ ಮೈ ತಾನೇ ಮಾಡಿಕೊಳ್ಳುವ ಹಾರ್ಮೋನನ್ನು ನಿಲ್ಲಿಸಿಬಿಡುತ್ತದೆ. ವೃಷಣ ಕುಗ್ಗುತ್ತದೆ, ಹೃದಯಕ್ಕೆ ಪೆಟ್ಟು ಬೀಳುತ್ತದೆ. ಮದುವೆಯಾಗಬೇಕಾದ ಹುಡುಗ ನೀನು.

ಬಲವನ್ನೇ ಮೊದಲು ಹಿಡಿ ಅಂತ ಹೇಳಲು ನನ್ನ ವಯಸ್ಸೂ ಒಂದು ಕಾರಣ. ಭಾರತವೂ ಸೇರಿ 17 ದೇಶಗಳ ಸುಮಾರು 1,40,000 ಜನರ ಕೈಮುಷ್ಟಿಯ ಬಿಗಿಯನ್ನು ಅಳೆದು, ವರ್ಷಗಟ್ಟಲೆ ಅವರನ್ನು ಗಮನಿಸಿದ ದೊಡ್ಡ ಅಧ್ಯಯನವೊಂದು 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಹಿಡಿತ ಐದು ಕಿಲೋ ಕಡಿಮೆಯಾದಂತೆಲ್ಲ ಸಾವಿನ ಅಪಾಯ ಶೇ. 16ರಷ್ಟು ಹೆಚ್ಚು ಕಂಡಿತ್ತು. ಮುಷ್ಟಿ ಹಿಸುಕುತ್ತ ಕೂತರೆ ಆಯುಸ್ಸು ಬೆಳೆಯುತ್ತದೆ ಅಂತ ಇದರ ಅರ್ಥವಲ್ಲ, ಮುಷ್ಟಿಯ ಬಿಗಿ ಇಡೀ ಮೈಯ ಸ್ಥಿತಿ ಹೇಳುತ್ತದೆ, ಅಷ್ಟೆ. ವಯಸ್ಸಾದಂತೆ ಮಾಂಸ ಕರಗುವುದಕ್ಕಿಂತ ಬೇಗ ಬಲ ಕರಗುತ್ತದೆ. ನನ್ನ ಜೊತೆಗೆ ದುಡಿದ ಗಟ್ಟಿ ಗಟ್ಟಿ ಆಳುಗಳು ಈಗ ಕುರ್ಚಿಯಿಂದ ಏಳಲು ಕೈ ಊರುತ್ತಾರೆ. ನಾನು ಇನ್ನೂ ಊರುವುದಿಲ್ಲ. ಸೊಂಟ, ಹೆಗಲು ಕೆಟ್ಟ ಮೇಲೆ ಬುದ್ಧಿ ಬಂದು, ಹಗುರದಲ್ಲಿ ಮತ್ತೆ ಶುರು ಮಾಡಿ, ಬಸ್ಕಿಯೊಂದನ್ನು ಮಾತ್ರ ನಾನು ಬಿಟ್ಟಿಲ್ಲ. ದಿನಾ ಬೆಳಿಗ್ಗೆ ಕಿಟಕಿಯ ಸರಳು ಹಿಡಿದು ಇಪ್ಪತ್ತು, ನಿನ್ನಜ್ಜಿ ಎಣಿಸುತ್ತಾಳೆ. ಹದಿನೆಂಟಕ್ಕೇ ಇಪ್ಪತ್ತು ಅಂದುಬಿಡುವುದೂ ಉಂಟು.

ಆಯಿತು, ಬರುವ ಭಾನುವಾರ ಸ್ವಲ್ಪ ಬೇಗ ಬಾ. ನಮ್ಮ ಬಿಲ್ಡಿಂಗಿನ ಲಿಫ್ಟು ಕೆಟ್ಟು ನಾಲ್ಕು ದಿನವಾಯಿತು. ಅಂಗಡಿಯವನು ಇಪ್ಪತ್ತೈದು ಕಿಲೋ ಅಕ್ಕಿ ಚೀಲವನ್ನು ಕೆಳಗೆ ವಾಚ್‌ಮನ್ ಹತ್ತಿರವೇ ಇಟ್ಟು ಹೋಗಿದ್ದಾನೆ, ಮೂರನೆಯ ಮಹಡಿಗೆ ಬರಬೇಕು. ಮಂಡಿ ಬಗ್ಗಿಸಿ ಎತ್ತು.